ಬಾಯಾಗ ಅದ, ಬರವಲ್ದು: ಹಿರಿಯರ ನೆನಪನ್ನು ಹೊರಗೆ ತರುವುದು ಹೇಗೆ?

ಮೂರು ವರ್ಷದ ಹಿಂದೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಅವ್ವನಿಗೆ ಹಳೆಯ ಗೆಳತಿಯೊಬ್ಬರು ಸಿಕ್ಕರು. ಬ್ರಹ್ಮಪುರದ ಒಂದೇ ಓಣಿಯಲ್ಲಿ ಹದಿನೆಂಟು ವರ್ಷ ಜೊತೆಗೆ ಇದ್ದವರು. ಕೈ ಹಿಡಿದುಕೊಂಡು ಮಾತಾಡಿದರು. ಮೊಮ್ಮಕ್ಕಳ ಸುದ್ದಿ ಕೇಳಿದರು. ಅವರು ಆ ಕಡೆ ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿ, "ಹೆಸರು ಬಾಯಾಗ ಅದ ನೋಡು, ಬರವಲ್ದು" ಅಂದಳು.

ನಾನು ತಟ್ಟನೆ ಹೆಸರು ಹೇಳಿಬಿಟ್ಟೆ. ಅವ್ವ "ಹೂಂ" ಅಂದಳು, ಅಷ್ಟೇ. ಮುಖ ಸಣ್ಣದಾಯಿತು. ಎರಡು ವಾರ ಬಿಟ್ಟು ಅದೇ ಗೆಳತಿಯ ಮಾತು ಬಂದಾಗ ಅದೇ ಹೆಸರು ಮತ್ತೆ ಅಲ್ಲೇ ಸಿಕ್ಕಿಕೊಂಡಿತು.

ಆಮೇಲೆ ನಾನು ಈ ವಿಷಯ ಓದತೊಡಗಿದೆ. ಓದಿದ್ದನ್ನು ಮನೆಯಲ್ಲಿ ಮಾಡಿ ನೋಡಿದೆ. ಅವ್ವನಿಗೆ ಈಗ 76, ಅಪ್ಪನಿಗೆ 81. ಅಪ್ಪ ನಲವತ್ತು ವರ್ಷ ನೆಹರೂ ಗಂಜ್‌ನಲ್ಲಿ ತೊಗರಿ ಅಡತಿ ಅಂಗಡಿಯ ಲೆಕ್ಕ ಬರೆದವರು. ನಾನು ಡಾಕ್ಟರ್ ಅಲ್ಲ. ಆದರೆ ನಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ನಿಮ್ಮ ಮನೆಯಲ್ಲೂ ಬರಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನೆನಪಿನ ಕೆಲಸದಲ್ಲಿ ಮೂರು ಭಾಗ ಇವೆ: ಒಳಗೆ ಹಾಕುವುದು, ಇಟ್ಟುಕೊಳ್ಳುವುದು, ಹೊರಗೆ ತೆಗೆಯುವುದು. ನಮ್ಮ ಕಡೆ ಹಳ್ಳಿಗಳಲ್ಲಿ ಮೊದಲು ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಇಡುತ್ತಿದ್ದರು. ಮೇಲೆ ಮಣ್ಣು ಮುಚ್ಚಿದ ಮೇಲೆ ಅದರ ಬಾಯಿ ಎಲ್ಲಿದೆ ಅಂತ ಗೊತ್ತಿರಬೇಕು. ವಯಸ್ಸಾದವರಲ್ಲಿ ಬಹಳ ಸಲ ಒಳಗಿನ ಜೋಳ ಹಾಗೇ ಇರುತ್ತದೆ. ಹಗೇವಿನ ಬಾಯಿ ಹುಡುಕುವುದು ತಡವಾಗುತ್ತದೆ. ಹೆಸರು ತಾವಾಗಿ ಹೇಳಲು ಆಗದವರು, ನಾಲ್ಕು ಹೆಸರು ಓದಿದರೆ "ಇದೇ, ಇದೇ!" ಅಂತ ಗುರುತಿಸುವುದನ್ನು ನೀವೂ ನೋಡಿರುತ್ತೀರಿ. ಈ ಮಾರ್ಗದರ್ಶಿ ಪೂರ್ತಿ ಆ ಬಾಯಿ ಹುಡುಕುವ ಕೆಲಸದ ಬಗ್ಗೆ.

ಶುರು ಮಾಡುವ ಮೊದಲು

ಎಷ್ಟೋ ಸಲ ನಾವು ಮರೆವು ಅಂದುಕೊಳ್ಳುವುದು ಮರೆವೇ ಆಗಿರುವುದಿಲ್ಲ. ಕಿವಿ ಸರಿಯಾಗಿ ಕೇಳದಿದ್ದರೆ ಮಾತು ಒಳಗೇ ಹೋಗಿರುವುದಿಲ್ಲ. ಒಳಗೆ ಹೋಗದ್ದು ಹೊರಗೆ ಬರುವುದು ಹೇಗೆ? ಹಾಗಾಗಿ ಮೊದಲು ಕಿವಿ ಮತ್ತು ಕಣ್ಣು ತೋರಿಸಿ. ಅವ್ವನ ಎಡಗಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆಸಿದ ಮೇಲೆ ಅವಳ ಮರೆವು ಅರ್ಧ ಹೋಯಿತು ಅಂತ ನನಗೆ ಅನಿಸಿತು.

ರಕ್ತ ಪರೀಕ್ಷೆ ಮಾಡಿಸುವಾಗ ವಿಟಮಿನ್ ಬಿ12 ಮತ್ತು ಥೈರಾಯ್ಡ್ ಕೇಳಿ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲೂ ಇಳಿಯುತ್ತದೆ. ಎರಡೂ ಕೊರತೆಗೆ ಔಷಧಿ ಇದೆ. ನಿದ್ದೆ ಗುಳಿಗೆ ಮತ್ತು ನೆಗಡಿ, ಅಲರ್ಜಿಯ ಕೆಲವು ಹಳೆಯ ಗುಳಿಗೆಗಳು ಕೂಡ ತಲೆ ಮಂಕಾಗಿಸುತ್ತವೆ. ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಇನ್ನೊಂದು ನಮ್ಮ ಊರಿನದೇ ಮಾತು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ವಯಸ್ಸಾದವರಿಗೆ ನೀರಡಿಕೆ ಕಡಿಮೆ, ನೀರು ಕುಡಿಯುವುದೇ ಇಲ್ಲ. ನೀರು ಕಡಿಮೆಯಾದರೆ ಗೊಂದಲ ಆಗುತ್ತದೆ. ನಿನ್ನೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ಅದು ವಯಸ್ಸಿನ ಮರೆವಲ್ಲ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಹಂತ 1: "ನೆನಪಿಲ್ವಾ?" ಅನ್ನುವುದನ್ನು ಬಿಡಿ

ಎಲ್ಲಕ್ಕಿಂತ ಮುಖ್ಯ ಇದು. "ಮೊನ್ನೆ ಹೇಳಿದ್ದೆನಲ್ಲ, ನೆನಪಿಲ್ವಾ?" ಅಂತ ಕೇಳಿದರೆ ಅಲ್ಲಿ ಸುಳಿವೇ ಇಲ್ಲ, ಬರೀ ಪರೀಕ್ಷೆ. ಹೆದರಿಕೆ ಬಂದ ತಕ್ಷಣ ಬರುವ ಮಾತೂ ಬರುವುದಿಲ್ಲ.

ಹಾಗಂತ ಉತ್ತರ ತಟ್ಟನೆ ಕೊಡುವುದೂ ಬೇಡ. ನಾನು ಜಾತ್ರೆಯಲ್ಲಿ ಮಾಡಿದ ತಪ್ಪು ಅದೇ. ತಾನಾಗಿ ಎಳೆದು ತಂದ ಹೆಸರು ಮುಂದಿನ ಸಲ ಸುಲಭವಾಗಿ ಬರುತ್ತದೆ. ಆದರೆ ಬಹಳ ಹೊತ್ತು ಒದ್ದಾಡಲು ಬಿಡುವುದೂ ಒಳ್ಳೆಯದಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇದನ್ನೇ ತೋರಿಸಿದರು. ನಾಲಿಗೆ ತುದಿಯಲ್ಲಿರುವ ಮಾತಿಗಾಗಿ ಕೆಲವು ಸಲ 10 ಸೆಕೆಂಡ್, ಕೆಲವು ಸಲ 30 ಸೆಕೆಂಡ್ ಹುಡುಕಲು ಬಿಟ್ಟರು. ಹೆಚ್ಚು ಹೊತ್ತು ಒದ್ದಾಡಿದ ಮಾತಿಗೇ ಎರಡು ದಿನದ ನಂತರ ಮತ್ತೆ ಜಾಸ್ತಿ ಸಿಕ್ಕಿಕೊಂಡರು. ಅಂದರೆ ಒದ್ದಾಟವೂ ಒಂದು ಅಭ್ಯಾಸವಾಗಿ ಕೂರುತ್ತದೆ.

ಹಾಗಾದರೆ ಏನು ಮಾಡಬೇಕು? ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಸುಳಿವು ಕೊಡಬೇಕು.

ಮೊದಲ ಮೆಟ್ಟಿಲು, ಸುಮ್ನೆ ಇರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಈ ಹತ್ತು ಎಣಿಕೆ ನಮಗೇ ಬಹಳ ಕಷ್ಟ, ಬಾಯಿ ತಡೆಯುವುದಿಲ್ಲ. ಆದರೂ ಎಣಿಸಿ.

ಎರಡನೆಯದು, ಅರ್ಥದ ಸುಳಿವು. "ಯಾವ ಊರ ಕಡೆಯವರು?" ಅಂತ ಕೇಳಿ. ನಮ್ಮ ಜಿಲ್ಲೆಯಲ್ಲಿ ಮನುಷ್ಯರ ಗುರುತು ಇರುವುದೇ ಊರಿನಲ್ಲಿ. ಆಳಂದ ಕಡೆಯವರಾ, ಜೇವರ್ಗಿ ಕಡೆಯವರಾ, ಸೇಡಂ ಕಡೆಯವರಾ? ಮಗ ಏನು ಮಾಡುತ್ತಾನೆ? ಅವರ ಮನೆ ಬಾಗಿಲ ಮುಂದೆ ಏನಿತ್ತು? ಊರು ಬಂತು ಅಂದರೆ ಅದರ ಹಿಂದೆ ಹೆಸರು ಎಷ್ಟೋ ಸಲ ತಾನೇ ಬರುತ್ತದೆ.

ಮೂರನೆಯದು, ಶಬ್ದದ ಸುಳಿವು. ಹೆಸರಿನ ಮೊದಲ ಅಕ್ಷರ ಮಾತ್ರ ಹೇಳಿ. ನಾಲಿಗೆ ತುದಿಯ ತೊಂದರೆಗೆ ಇದು ತುಂಬಾ ಒಳ್ಳೆಯ ಮದ್ದು, ಏಕೆಂದರೆ ಅಲ್ಲಿ ಕಳಚಿರುವುದು ಅರ್ಥವಲ್ಲ, ಶಬ್ದದ ಕೊಂಡಿ. ಆದರೆ ಕಲಬುರಗಿಯಲ್ಲಿ ಒಂದು ಕಷ್ಟ ಇದೆ. ಇಲ್ಲಿ ಎಷ್ಟೊಂದು ಹೆಸರು ಒಂದೇ ರೀತಿ ಶುರುವಾಗುತ್ತವೆ! ಶರಣಪ್ಪ, ಶರಣಮ್ಮ, ಶರಣಬಸಪ್ಪ, ಶರಣಗೌಡ. "ಶ" ಅಂದರೆ ಅರ್ಧ ಓಣಿ ಎದ್ದು ಬರುತ್ತದೆ. ಅದಕ್ಕೆ ನಾನು "ಶರಣ..." ತನಕ ಹೇಳಿ, ಮುಂದಿನ ಒಂದು ಅಕ್ಷರವನ್ನು ತುಟಿಯಲ್ಲಿ ತೋರಿಸಿ ನಿಲ್ಲಿಸುತ್ತೇನೆ. ಯಾರೂ ಜೊತೆಗಿಲ್ಲದಾಗ ಅವ್ವ ತಾನೇ ಅಕ್ಷರಮಾಲೆ ಹಿಡಿದು ಹೋಗುತ್ತಾಳೆ. ಕ, ಗ, ಚ, ಜ ಅಂತ ಬಾಯಿಬಿಟ್ಟು ಹೇಳುತ್ತ ಹೋದರೆ ಎಲ್ಲೋ ಒಂದು ಕಡೆ ಹೆಸರು ತಟ್ಟುತ್ತದೆ.

ನಾಲ್ಕನೆಯದು, ಎರಡು ಹೆಸರು ಮುಂದಿಡಿ. "ಗಂಗಮ್ಮನೋ, ಗೌರಮ್ಮನೋ?"

ಅಷ್ಟರಲ್ಲೂ ಬರದಿದ್ದರೆ ಹೇಳಿಬಿಡಿ. ಆದರೆ ಹೇಳಿ ಸುಮ್ಮನಾಗಬೇಡಿ. ಅವರ ಬಾಯಲ್ಲಿ ಒಂದು ಸಲ ಹೇಳಿಸಿ. ಐದು ನಿಮಿಷ ಬಿಟ್ಟು ಮಾತಿನ ನಡುವೆ ಮತ್ತೆ ಆ ಹೆಸರು ಅವರಿಂದಲೇ ಬರುವ ಹಾಗೆ ಮಾಡಿ: "ಅಲ್ಲವ್ವಾ, ಜಾತ್ರ್ಯಾಗ ಸಿಕ್ಕಿದ್ದರಲ್ಲ, ಯಾರವರು?" ಪೂರ್ತಿ ಏಣಿ ಇಳಿಯಲು ಒಂದು ನಿಮಿಷವೂ ಬೇಡ.

ಒಂದು ಎಚ್ಚರಿಕೆ. ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇದೆ ಅಂತ ಡಾಕ್ಟರ್ ಹೇಳಿದ್ದರೆ ಊಹೆ ಮಾಡಿಸಬೇಡಿ. ಅಂಥವರು ತಪ್ಪು ಹೇಳಿದರೆ ಆ ತಪ್ಪೇ ಗಟ್ಟಿಯಾಗುತ್ತದೆ. ಅವರಿಗೆ ಉತ್ತರ ಮೊದಲು ಕೊಟ್ಟು, ಆಮೇಲೆ ಹೇಳಿಸುವುದು ಸರಿ.

ಹಂತ 2: ಬಿಟ್ಟು ಬಿಟ್ಟು ಕೇಳುವುದು

ಮುಖ್ಯವಾದ ಒಂದೇ ಒಂದು ವಿಷಯ ಗಟ್ಟಿಯಾಗಬೇಕು ಅಂದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. 1978ರಲ್ಲಿ ಲ್ಯಾಂಡಾವರ್ ಮತ್ತು ಬ್ಯೋರ್ಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟ ವಿಧಾನ ಇದು. ಮುಂದೆ ಕ್ಯಾಮರಾನ್ ಕ್ಯಾಂಪ್ ಎಂಬುವರು ಇದನ್ನು ಡಿಮೆನ್ಶಿಯಾ ಇರುವವರಿಗೂ ಬಳಸಿದರು. ಹೇಳಿಕೊಟ್ಟದ್ದನ್ನು ಸ್ವಲ್ಪ ಹೊತ್ತು ಬಿಟ್ಟು ಕೇಳುವುದು, ಆಮೇಲೆ ಆ ಅಂತರವನ್ನು ಹೆಚ್ಚಿಸುತ್ತ ಹೋಗುವುದು.

ಅಪ್ಪನ ಬಿ.ಪಿ. ಗುಳಿಗೆಯ ಡಬ್ಬಿಯ ಜಾಗ ಬದಲಾಯಿಸಿದೆವು. ದೇವರ ಜಗಲಿ ಪಕ್ಕದ ಮಾಡದಲ್ಲಿ (ಗೋಡೆಯ ಗೂಡಿನಲ್ಲಿ) ಇಟ್ಟೆವು. ಅಪ್ಪ ದಿನಾ ಹಳೆಯ ಕಪಾಟಿನಲ್ಲೇ ಹುಡುಕುತ್ತಿದ್ದರು. ಒಂದು ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವಾಗ ಅಪ್ಪನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡೆ.

"ಅಪ್ಪಾ, ಗುಳಿಗಿ ಡಬ್ಬಿ ಜಗಲಿ ಮಾಡದಾಗ ಅದ. ಗುಳಿಗಿ ಎಲ್ಲದ?"

"ಜಗಲಿ ಮಾಡದಾಗ."

ಒಂದು ರೊಟ್ಟಿ ಹೆಂಚಿಗೆ ಬಿತ್ತು, ಒಂದು ನಿಮಿಷ ಇರಬಹುದು. ಮತ್ತೆ ಕೇಳಿದೆ. ಆಮೇಲೆ ಎರಡು ರೊಟ್ಟಿ ಬಿಟ್ಟು, ನಾಲ್ಕು ಬಿಟ್ಟು, ಎಂಟು ಬಿಟ್ಟು. ನಡುವೆ ತೊಗರಿ ಧಾರಣೆ, ಮಳೆ ಅಂತ ಬೇರೆ ಮಾತಾಡಿದೆವು. ಊಟಕ್ಕೆ ಮುಂಚೆ ಒಮ್ಮೆ, ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಕೇಳಿದೆ. ಐದನೇ ದಿನಕ್ಕೆ ಅಪ್ಪ ಕೇಳದೆಯೇ ಮಾಡದ ಕಡೆ ಹೋದರು.

ನಿಯಮಗಳು ಕಡಿಮೆ, ಆದರೆ ಬಿಗಿಯಾಗಿ ಪಾಲಿಸಬೇಕು. ಒಂದು ಸಲಕ್ಕೆ ಒಂದೇ ವಿಷಯ. ಪ್ರಶ್ನೆಯ ಮಾತು, ಉತ್ತರದ ಮಾತು ಪ್ರತಿ ಸಲ ಒಂದೇ ಇರಬೇಕು. ಮನೆಯವರೆಲ್ಲ ಅದೇ ಮಾತಿನಲ್ಲಿ ಕೇಳಬೇಕು. ತಪ್ಪಿದರೆ ಬೈಯುವುದಿಲ್ಲ, ಸರಿ ಉತ್ತರ ಹೇಳಿ ಕೂಡಲೇ ಹೇಳಿಸಿ, ಹಿಂದೆ ಯಾವ ಅಂತರದಲ್ಲಿ ಸರಿ ಬಂದಿತ್ತೋ ಅಲ್ಲಿಗೆ ವಾಪಸ್ ಹೋಗುವುದು. ಸಾಧ್ಯವಾದರೆ ಹೇಳುವುದರ ಜೊತೆ ಮಾಡಿಸಿ. ಅಪ್ಪ ಎದ್ದು ಹೋಗಿ ಡಬ್ಬಿ ಮುಟ್ಟಿ ಬರುತ್ತಿದ್ದರು. ಕಾಲಿಗೂ ದಾರಿ ಗೊತ್ತಾಗಬೇಕು, ಅಲ್ವಾ?

ಹಂತ 3: ಜಾಗಕ್ಕೆ ವಾಪಸ್ ಹೋಗಿ, ಭಾಷೆಗೂ ವಾಪಸ್ ಹೋಗಿ

1975ರಲ್ಲಿ ಬ್ರಿಟನ್ನಿನಲ್ಲಿ ಗಾಡೆನ್ ಮತ್ತು ಬ್ಯಾಡ್ಲಿ ಮುಳುಗುಗಾರರ ಮೇಲೆ ಒಂದು ಪ್ರಯೋಗ ಮಾಡಿದರು. ನೀರಿನ ಒಳಗೆ ಕಲಿತ ಪದಗಳು ನೀರಿನ ಒಳಗೇ ಚೆನ್ನಾಗಿ ನೆನಪಾದವು, ದಡದಲ್ಲಿ ಕಲಿತವು ದಡದಲ್ಲಿ. ನಾವು ದಿನಾ ಮನೆಯಲ್ಲಿ ನೋಡುವುದೂ ಇದನ್ನೇ. ಏನೋ ತರಲು ಅಡುಗೆಮನೆಗೆ ಹೋಗುತ್ತೇವೆ, ಬಾಗಿಲು ದಾಟಿದೊಡನೆ ಮರೆಯುತ್ತದೆ. ಪಡಸಾಲೆಗೆ ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂತರೆ ನೆನಪಾಗುತ್ತದೆ. ಹೊರಡುವ ಮುಂಚೆ "ಕತ್ತರಿ ತರಾಕ ಹೊಂಟೀನಿ" ಅಂತ ಬಾಯಿಬಿಟ್ಟು ಹೇಳಿಕೊಂಡರೆ ವಾಪಸ್ ಬರುವ ತಾಪತ್ರಯವೇ ಇಲ್ಲ.

ಕಾಲಿನಿಂದ ಹೋಗಲು ಆಗದ ಜಾಗಕ್ಕೆ ಮನಸ್ಸಿನಿಂದ ಹೋಗಬಹುದು. ಕಣ್ಣು ಮುಚ್ಚಿಸಿ. ಹೊತ್ತು ಯಾವುದು, ಬಿಸಿಲಿತ್ತಾ, ಏನು ವಾಸನೆ, ಪಕ್ಕದಲ್ಲಿ ಯಾರು ಕೂತಿದ್ದರು, ಕೈಯಲ್ಲಿ ಏನಿತ್ತು ಅಂತ ಒಂದೊಂದೇ ಕೇಳಿ. ಮುಖ್ಯ ಪ್ರಶ್ನೆ ಕೊನೆಗೆ ಇರಲಿ.

ಈಗ ನಮ್ಮ ಭಾಗದವರಿಗೆ ತೀರ ಹತ್ತಿರದ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ನೆಲೆಸಿದ ರಷ್ಯನ್ ವಿದ್ಯಾರ್ಥಿಗಳ ಬಗ್ಗೆ 2000ರಲ್ಲಿ ಒಂದು ಅಧ್ಯಯನ ಬಂತು. ರಷ್ಯನ್ ಭಾಷೆಯಲ್ಲಿ ಕೇಳಿದರೆ ರಷ್ಯನ್ ಮಾತಾಡುತ್ತಿದ್ದ ದಿನಗಳ ನೆನಪು ಜಾಸ್ತಿ ಬಂತು, ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷ್ ದಿನಗಳದ್ದು. ಕಲಬುರಗಿ, ಬೀದರ್, ಯಾದಗಿರಿಯ ಹಿರಿಯರ ತಲೆಯಲ್ಲಿ ಎಷ್ಟು ಭಾಷೆ ಇವೆ ನೋಡಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಉರ್ದು, ಗಡಿ ಕಡೆಯವರಿಗೆ ಮರಾಠಿ ಇಲ್ಲವೇ ತೆಲುಗು. ನಿಜಾಮನ ಕಾಲದಲ್ಲಿ ಶಾಲೆಗೆ ಹೋದವರು ಕಲಿತದ್ದೇ ಉರ್ದುವಿನಲ್ಲಿ.

ಅಪ್ಪನನ್ನು ಗಂಜ್ ದಿನಗಳ ಬಗ್ಗೆ ಕನ್ನಡದಲ್ಲಿ ಕೇಳಿದಾಗ "ಏನೋ, ನಡೀತಿತ್ತು" ಅಂತ ಮುಗಿಸುತ್ತಿದ್ದರು. ಒಂದು ದಿನ ಅವರ ಹಳೆಯ ಅಂಗಡಿಯ ಹಮಾಲರೊಬ್ಬರು ಮನೆಗೆ ಬಂದು ದಖನಿಯಲ್ಲಿ ಮಾತು ತೆಗೆದರು. ಅಪ್ಪನ ಬಾಯಿಂದ ಸರಸರ ಬಂತು. ಯಾವ ಅಂಗಡಿ ಯಾವುದರ ಪಕ್ಕ, ಯಾರ ಕಾಟಾ ಸರಿ ಇರಲಿಲ್ಲ, ಯಾವ ಹಬ್ಬಕ್ಕೆ ಎಷ್ಟು ಇನಾಮು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ನನ್ನ ಅಪ್ಪನ ಅರ್ಧ ಬದುಕು ನನಗೆ ಅವತ್ತು ಗೊತ್ತಾಯಿತು. ನಿಮ್ಮ ಮನೆಯ ಹಿರಿಯರಿಗೆ ನೆನಪು ಬರದಿದ್ದರೆ, ಆ ನೆನಪು ಯಾವ ಭಾಷೆಯಲ್ಲಿ ಆದದ್ದು ಅಂತ ಮೊದಲು ಯೋಚಿಸಿ. ಆ ಭಾಷೆ ನಿಮಗೆ ಬರದಿದ್ದರೆ, ಬರುವವರನ್ನು ಚಹಾಕ್ಕೆ ಕರೆಯಿರಿ.

ಹಂತ 4: ಇಸವಿ ಕೇಳಬೇಡಿ, ಗೂಟ ಹಿಡಿಯಿರಿ

"ಯಾವ ವರ್ಷ?" ಅಂದರೆ ಹಿರಿಯರು ನಿಂತುಬಿಡುತ್ತಾರೆ. ಇಸವಿಗೆ ಬದಲು ಎಲ್ಲರ ಬದುಕಿನಲ್ಲೂ ನಾಟಿಕೊಂಡ ಗೂಟಗಳನ್ನು ಹಿಡಿಯಿರಿ. 1972ರ ಬರಗಾಲಕ್ಕೆ ಮುಂಚೆಯೋ, ಆಮೇಲೋ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ಆದಾಗ ಎಲ್ಲಿದ್ದಿರಿ? ಗಣಪತಿ ಕಳಿಸಿ ಮಲಗಿದ್ದ ರಾತ್ರಿ ಅದು. ಇಲ್ಲೂ ನೆಲ ನಡುಗಿತ್ತು. ಆಗ ಕೈಯಲ್ಲಿ ಎಷ್ಟು ದೊಡ್ಡ ಕೂಸಿತ್ತು ಅಂತ ಕೇಳಿದರೆ ಅಲ್ಲಿಂದ ಎರಡೂ ಕಡೆ ವರ್ಷಗಳನ್ನು ಎಣಿಸಬಹುದು. ಊರಿನ ಹೆಸರನ್ನು ಹಳೆಯದೇ ಹೇಳಿ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅವರ ರೈಲು ಟಿಕೆಟ್, ಮದುವೆ ಪತ್ರಿಕೆ ಎಲ್ಲದರಲ್ಲೂ ಇದ್ದದ್ದು ಗುಲ್ಬರ್ಗಾ.

ಜಾಸ್ತಿ ಫಲ ಸಿಗುವುದು 10ರಿಂದ 30ರ ವಯಸ್ಸಿನ ನೆನಪುಗಳಲ್ಲಿ. ವಯಸ್ಸಾದವರಿಗೆ ಆ ಕಾಲದ್ದೇ ಹೆಚ್ಚು ನೆನಪಾಗುತ್ತದೆ ಅಂತ ಅಧ್ಯಯನಗಳೂ ಹೇಳುತ್ತವೆ. ಅಲ್ಲಿಗೆ ಹೋಗಲು ವಾಸನೆ, ರುಚಿ ಒಳ್ಳೆಯ ದಾರಿ. ಎಳ್ಳಮಾಸಿಯ ದಿನ ಭಜ್ಜಿ, ಸಜ್ಜಿ ರೊಟ್ಟಿ ಮುಂದಿಟ್ಟು ಕೇಳಿ: ಚರಗ ಚೆಲ್ಲಲು ಯಾವ ಹೊಲಕ್ಕೆ ಹೋಗುತ್ತಿದ್ದಿರಿ? ಬಂಡಿಯಲ್ಲಿ ಯಾರು ಯಾರು? ಎತ್ತಿನ ಹೆಸರೇನು? ನಮ್ಮ ಅವ್ವ ಎತ್ತಿನ ಹೆಸರು ಹೇಳಿದ್ದಲ್ಲದೆ ಅದರ ಒಂದು ಕೊಂಬು ಮುರಿದಿದ್ದನ್ನೂ ಹೇಳಿದಳು.

ಅವರು ಹೇಳುವಾಗ ತಿದ್ದಬೇಡಿ. ಕಾಕಾನ ಮದುವೆ ಎರಡು ವರ್ಷ ಆಚೆ ಈಚೆ ಆದರೆ ಯಾರಿಗೆ ನಷ್ಟ? ಅಳು ಬಂದರೆ ಕೈ ಹಿಡಿದು ಕೂತಿರಿ.

ಹಂತ 5: ಹೊಸ ಪಟ್ಟಿಗೆ ಹಳೆಯ ಮನೆ

ಐದಾರು ಸಾಮಾನು ನೆನಪಿಡಲು ಗೊತ್ತಿರುವ ಒಂದು ಮನೆಯಲ್ಲಿ ನಡೆದುಹೋಗುವ ವಿಧಾನ ಬಹಳ ಹಳೆಯದು, ಗ್ರೀಕರ ಕಾಲದ್ದು. ಅವ್ವ ಆರಿಸಿಕೊಂಡದ್ದು ಆಳಂದ ಕಡೆಯ ತನ್ನ ತವರುಮನೆ. ಅಗಸಿ, ಕಟ್ಟೆ, ಪಡಸಾಲೆ, ಜಗಲಿ, ಒಲೆ, ಬಚ್ಚಲು. ಈ ಆರು ಜಾಗ ಯಾವತ್ತೂ ಬದಲಾಗಬಾರದು, ಕ್ರಮವೂ ಬದಲಾಗಬಾರದು.

ಕಿರಾಣಾ ಬಜಾರಿಗೆ ಹೋಗುವ ದಿನ ಒಂದೊಂದು ಜಾಗದಲ್ಲಿ ಒಂದೊಂದು ಸಾಮಾನು ಇಡುತ್ತಾಳೆ. ಸುಮ್ನೆ ಇಟ್ಟರೆ ಆಗದು, ವಿಚಿತ್ರವಾಗಿ ಇಡಬೇಕು. ಅಗಸಿಯಲ್ಲಿ ಮೊಣಕಾಲುದ್ದ ಸಾಬೂನಿನ ನೊರೆ. ಕಟ್ಟೆಯ ಮೇಲೆ ಬೆಲ್ಲದ ಪೆಂಟೆಗೆ ರುಮಾಲು ಸುತ್ತಿ ಕೂರಿಸಿದೆ. ಪಡಸಾಲೆಯಲ್ಲಿ ಮುತ್ಯಾ ಜೀರಿಗೆ ಕಾಳು ಒಂದೊಂದೇ ಎಣಿಸುತ್ತಿದ್ದಾರೆ. ಅಂಗಡಿಯಲ್ಲಿ ನಿಂತು ಅಗಸಿಯಿಂದ ಒಳಗೆ ನಡೆದರೆ ಸಾಕು. ಹಿರಿಯರು ಇದನ್ನು ಚೆನ್ನಾಗಿ ಕಲಿಯುತ್ತಾರೆ, ಆದರೆ ಬಹಳ ಜನ ಬೇಸರವಾಗಿ ಬಿಡುತ್ತಾರೆ. ಬಿಟ್ಟರೆ ಒತ್ತಾಯ ಬೇಡ. ಚೀಟಿ ಬರೆದುಕೊಂಡು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ.

ಹಂತ 6: ಕೇಳಿದ್ದನ್ನು ಹೇಳಿಸಿ

ಮತ್ತೆ ಮತ್ತೆ ಓದುವುದಕ್ಕಿಂತ ಓದಿದ್ದನ್ನು ಮುಚ್ಚಿಟ್ಟು ಹೇಳಿದರೆ ಹೆಚ್ಚು ದಿನ ಉಳಿಯುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ವಿದ್ಯಾರ್ಥಿಗಳಲ್ಲಿ ತೋರಿಸಿದರು. ಹಿರಿಯರಿಗೂ ಇದು ಉಪಯೋಗಕ್ಕೆ ಬರುತ್ತದೆ. ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಬಂದ ರಾತ್ರಿ ಅವ್ವನಿಗೆ ನಾನು ಕೇಳುವುದು ಒಂದೇ: "ಇವತ್ತ ಏನ್ ಹೇಳಿದ್ರವ್ವಾ, ನನಗೂ ಹೇಳು." ಇಲ್ಲಿ ಪರೀಕ್ಷೆ ಇಲ್ಲ. ನಾನು ಹೋಗಿರಲಿಲ್ಲ, ನನಗೆ ನಿಜವಾಗಿ ಗೊತ್ತಿಲ್ಲ. ಅದಕ್ಕೇ ಅವಳು ಖುಷಿಯಿಂದ ಹೇಳುತ್ತಾಳೆ. ಪೇಪರ್ ಓದಿದ ಅಪ್ಪನಿಗೂ ಹೀಗೇ.

ಯಾವಾಗ ಡಾಕ್ಟರ್ ಬೇಕು

ಸುಳಿವು ಕೊಟ್ಟಾಗ ನೆನಪು ಬಂದರೆ ಅದು ಹೊರಗೆ ತೆಗೆಯುವ ತೊಂದರೆ. ಇಲ್ಲಿ ಹೇಳಿದ ಹಂತಗಳು ಅದಕ್ಕೆ ಸಹಾಯ ಮಾಡುತ್ತವೆ. ಎಲ್ಲ ಸುಳಿವೂ ಕೊಟ್ಟು, ಉತ್ತರವನ್ನೂ ಹೇಳಿದ ಮೇಲೆ "ಹಂಗ ಆಗೇ ಇಲ್ಲ" ಅನ್ನುತ್ತಿದ್ದರೆ, ಅದೂ ನಿನ್ನೆ ಮೊನ್ನೆಯ ದೊಡ್ಡ ವಿಷಯಕ್ಕೆ ಮತ್ತೆ ಮತ್ತೆ ಹೀಗಾದರೆ, ತೋರಿಸಬೇಕು. ಹಾಗೇ ಗೊತ್ತಿರುವ ಓಣಿಯಲ್ಲಿ ದಾರಿ ತಪ್ಪಿದರೆ, ಜೀವನಪೂರ್ತಿ ಮಾಡಿದ ಅಡುಗೆಯ ಕ್ರಮ ತಪ್ಪಿದರೆ, ದುಡ್ಡಿನ ಲೆಕ್ಕ ತಿಳಿಯದಾದರೆ, ಸ್ವಭಾವವೇ ಬೇರೆಯಾದರೆ ತಡ ಮಾಡಬೇಡಿ. ಮಂಕಾಗಿ, ಯಾವುದರಲ್ಲೂ ಮನಸ್ಸಿಲ್ಲದೆ ಕೂತಿದ್ದರೆ ಅದು ಖಿನ್ನತೆಯೂ ಆಗಿರಬಹುದು. ಖಿನ್ನತೆ ಕೂಡ ಮರೆವಿನ ಹಾಗೆ ಕಾಣುತ್ತದೆ, ಮತ್ತು ಅದಕ್ಕೆ ಚಿಕಿತ್ಸೆ ಇದೆ.

ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಜಿಮ್ಸ್ ಆಸ್ಪತ್ರೆ ಇದೆ. ಬೀದರ್, ಯಾದಗಿರಿಯವರು ತಮ್ಮ ಊರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಕೇಳಬಹುದು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567. ಎರಡೂ ಉಚಿತ.

ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ ಇಡಿ. ದಿನಾಂಕ, ಏನು ಮರೆತರು, ಯಾವ ಮೆಟ್ಟಿಲಿಗೆ ನೆನಪಾಯಿತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಇಷ್ಟನ್ನೇ ಬರೆಯಿರಿ. ಹಿರಿಯರ ಎದುರೇ ಬರೆಯಿರಿ, ಕದ್ದು ಬೇಡ. ನಮ್ಮ ನೋಟ್‌ಬುಕ್ಕಿನಲ್ಲಿ ಈಗ ಅವ್ವನೇ ಬರೆಯುತ್ತಾಳೆ. ಮೊನ್ನೆ ನೋಡಿದರೆ ನನ್ನ ಹೆಸರಿನಲ್ಲಿ ಒಂದು ಸಾಲಿತ್ತು: "ಮಂಗಳವಾರ. ಬೀಗದ ಕೈ ಮರೆತ. ಹತ್ತು ಎಣಿಸಿದೆ, ನೆನಪಾಗಲಿಲ್ಲ. ಗಾಡಿ ಎಲ್ಲಿ ನಿಲ್ಲಿಸಿದ್ದಿ ಅಂತ ಕೇಳಿದೆ, ಆಯಿತು."